ಗಾಳಿ ಯಾವಾಗ ಅಂತ ಹೇಳಬೇಡಮ್ಮ

ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಚುಕ್ಕಾಣಿ ಮಾವ ಕಾಲಗಲಿಸಿ ನಿಂತಿದ್ದಾರೆ. ಗೋಡೆ ತುಂಬ ಪರದೆ, ಪರದೆ ತುಂಬ ಕಡಲು. ಅಲೆ ಎದ್ದಾಗೆಲ್ಲ ಅವರ ಮೈ ವಾಲುತ್ತದೆ. ನೆಲವೇನೋ ಗಟ್ಟಿ ಸಿಮೆಂಟು, ಮೇಜಿನ ಮೇಲಿನ ಟೀ ಕೂಡ ತುಳುಕುವುದಿಲ್ಲ. "ತಲೆಗೆ ಗೊತ್ತು, ಕಾಲಿಗೆ ಯಾರು ಹೇಳ್ಬೇಕು?" ಅಂತ ನಗುತ್ತಾರೆ.

ಇವರು ನಡೆಸುವುದು ಇನ್ನೂ ಕಟ್ಟದ ಹಡಗನ್ನು. ಎಂಜಿನಿಯರುಗಳ ನಕ್ಷೆ ಕಂಪ್ಯೂಟರಿನಲ್ಲಿ ಹಡಗಾಗುತ್ತದೆ. ಅದು ಹೇಳಿದ ಮಾತು ಕೇಳುತ್ತದೋ, ಮೊಂಡಾಟ ಮಾಡುತ್ತದೋ ನೋಡಿ ಹೇಳುವುದು ಮಾವನ ಕೆಲಸ. ದಿನಕ್ಕೆ ಎಂಟು ಹತ್ತು ಸಲ ಪರದೆಯ ಮೇಲೇ ಬಂದರು ಹೊಕ್ಕು ನೋಡುತ್ತಾರೆ. ಕಬ್ಬಿಣ ಕತ್ತರಿಸುವ ಮೊದಲೇ ತಪ್ಪು ಸಿಕ್ಕಿಬಿಟ್ಟರೆ ಎಷ್ಟು ಜೀವ ಉಳಿದೀತು! ಇವರ ಹೆಸರಂತೂ ಯಾವ ಹಡಗಿನ ಮೇಲೂ ಇಲ್ಲ.

ಇವತ್ತು ಪರದೆಯ ಮೇಲಿರುವುದು ಮಾತ್ರ ಹಳೆಯ ಹಡಗು. ಹೊಸದನ್ನು ಅದರ ಜೊತೆ ಹೋಲಿಸಿ ನೋಡಬೇಕಂತೆ. ಕೆಲವು ವರ್ಷದ ಹಿಂದೆ ಬಂದರಿನ ಬಾಯಲ್ಲೇ ಬಿರುಗಾಳಿಗೆ ಸಿಕ್ಕಿ, ಬಂಡೆಗೆ ಬಡಿದು ಮುಳುಗಿದ ಹಡಗು ಅದು. ಅವತ್ತು ಚುಕ್ಕಾಣಿ ಹಿಡಿದಿದ್ದವರು ಮಾವನ ಸ್ವಂತ ಅಣ್ಣ. ಹೆಣ ಸಿಗುವ ಮೊದಲೇ ಊರು ತೀರ್ಪು ಕೊಟ್ಟಾಗಿತ್ತು: ಅವನದೇ ತಪ್ಪು. ಸತ್ತವರ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ! ಎದ್ದು ಬಂದು ಅಲ್ಲ ಅನ್ನುವವರು ಯಾರು? ಅಂದಿನಿಂದ ಅತ್ತಿಗೆ ಬೀದಿಯಲ್ಲಿ ತಲೆ ಎತ್ತಿ ನಡೆದಿಲ್ಲ.

ಅವತ್ತಿನದೇ ಗಾಳಿ ಹಾಕಿಸಿಕೊಂಡು ಮಾವ ಚಕ್ರ ಹಿಡಿಯುತ್ತಾರೆ. ಮೊದಲ ಸಲ ಹಡಗು ಬಂಡೆ ದಾಟಿಬಿಡುತ್ತದೆ. ಅಯ್ಯೋ, ಹಾಗಾದರೆ ತಪ್ಪು ಅಣ್ಣನದೇನಾ?

"ಇದನ್ನ ಲೆಕ್ಕಕ್ಕೆ ತಗೋಬೇಡಮ್ಮ," ಅಂತ ಯಂತ್ರ ನೋಡಿಕೊಳ್ಳುವ ಹುಡುಗಿಗೆ ಹೇಳುತ್ತಾರೆ. "ಗಾಳಿ ಎಲ್ಲಿ ಹೊಡೆಯುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು. ಮುಂಚೇನೇ ತಿರುಗಿಸ್ಬಿಟ್ಟೆ. ಅಣ್ಣನಿಗೆ ಯಾರು ಹೇಳಿದ್ರು? ಅಷ್ಟೇ ಜೋರು ಗಾಳೀನ ನಿಂಗೆ ತೋಚಿದಾಗ ಬಿಡು. ಯಾವಾಗ ಅಂತ ಹೇಳಬೇಡ."

ಹುಡುಗಿ ಹೇಳುವುದಿಲ್ಲ. ಗಾಳಿ ಅಪ್ಪಳಿಸುತ್ತದೆ. ಮಾವ ಚಕ್ರವನ್ನು ಕೊನೆತನಕ ತಿರುಗಿಸಿ, ಹಲ್ಲು ಕಚ್ಚಿ ಕಾಯುತ್ತಾರೆ. ಹಡಗು ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಬಂಡೆ ಪರದೆ ತುಂಬಿಕೊಳ್ಳುತ್ತದೆ. ಇನ್ನೊಮ್ಮೆ ಮಾಡುತ್ತಾರೆ. ಮತ್ತೊಮ್ಮೆ. ಪ್ರತಿ ಸಲವೂ ಅದೇ ಬಂಡೆ.

ಮಾವ ಚಕ್ರಕ್ಕೆ ಹಣೆ ಹಚ್ಚಿ ಅಳುತ್ತಾರೆ. "ಅಣ್ಣಾ, ನಿನ್ನ ತಪ್ಪಲ್ಲ ಕಣೋ. ನಿನ್ನ ತಪ್ಪಲ್ಲ."

ಹುಡುಗಿ ಅವರ ಪಕ್ಕಕ್ಕೆ ಬಂದು ನಿಲ್ಲುತ್ತಾಳೆ. "ಹೊಸದನ್ನ ಶುರು ಮಾಡೋಣ್ವಾ, ಮಾವ?" ಅಂತ ಮೆಲ್ಲಗೆ ಕೇಳುತ್ತಾಳೆ.

"ಮಾಡೋಣ." ಅವರು ಕಣ್ಣೊರೆಸಿಕೊಳ್ಳುತ್ತಾರೆ. "ಆದ್ರೆ ಹಳೇದನ್ನ ಅಳಿಸ್ಬೇಡಮ್ಮ. ಒಂದಿನ ಅತ್ತಿಗೇನ ಇಲ್ಲಿಗೆ ಕರ್ಕೊಂಡು ಬರ್ತೀನಿ. ಅವರ ಕಣ್ಮುಂದೆ ನಾನೂ ಒಂದ್ಸಲ ಮುಳುಗಿ ತೋರಿಸ್ಬೇಕು."