ಕೆಲೇರಾ ಇಳಿದ ನೀರು

ಕೆಲೇರಾ ಸೀಸೆ ಹಿಡಿದು ಹೊಳೆಗಿಳಿದಳೆಂದರೆ ಅಡುಗೆಗೆ ಚಿಪ್ಪುಮೀನು ಆಯುತ್ತಿದ್ದ ಹೆಂಗಸರಿಗೆ ನಗುವೋ ನಗು. "ಬಂದ್ಲಪ್ಪಾ, ಹೊಳೆಗೆ ಜ್ವರ ನೋಡೋ ನರ್ಸಮ್ಮ!" ಅವಳು ತೊಡೆಮಟ್ಟ ನೀರಲ್ಲಿ ನಿಂತು, ಎದ್ದ ಕೆಸರು ಇಳಿಯುವವರೆಗೆ ಕಾದು, ಸೀಸೆಯ ಬಾಯನ್ನು ಹರಿವಿಗೆ ಎದುರು ಹಿಡಿದು ತುಂಬುತ್ತಿದ್ದಳು. ತಿಂಗಳಿಗೊಮ್ಮೆ ಆ ಸೀಸೆಗಳು ಐಸ್ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ರಾಜಧಾನಿ ಸುವಾಗೆ ಹೋಗುತ್ತಿದ್ದವು. ನೀರಲ್ಲಿ ಎಷ್ಟು ಹೊಲಸಿದೆ ಅಂತ ಸರ್ಕಾರಿ ಪ್ರಯೋಗಾಲಯದಿಂದ ಚೀಟಿ ಬರುತ್ತಿತ್ತು. "ನಗ್ರೇ, ನಗ್ರೇ. ಹೊಟ್ಟೆ ಹಿಡ್ಕೊಂಡು ಓಡೋವಾಗ ನನ್ನ ನೆನೀತೀರ," ಅನ್ನುತ್ತಿದ್ದಳು.

ಅವಳ ದೊಡ್ಡಣ್ಣ, ಊರ ಒಡೆಯ ರಾತು ಅಪೆನಿಸಾ ತೀರಿಕೊಂಡಾಗ, ಪದ್ಧತಿಯಂತೆ ಊರ ಕೆಳಗಿನ ಮಡುವಿಗೆ ತಂಬು, ಅಂದರೆ ಸೂತಕದ ನಿಷೇಧ, ಹಾಕಿದರು. ನೂರು ರಾತ್ರಿ ಆ ನೀರಿಗೆ ಯಾರೂ ಇಳಿಯುವಂತಿಲ್ಲ, ಒಂದು ಚಿಪ್ಪೂ ಎತ್ತುವಂತಿಲ್ಲ. ಅವನ ಹೆಂಡತಿ ಉಲಾಮಿಲಾ ಕರಿ ಬಟ್ಟೆ ತೊಟ್ಟಳು. ನೂರು ಮುಗಿದ ಮೇಲೆ ಆ ಕರಿ ಬಟ್ಟೆ ತೆಗೆಸುತ್ತಾರೆ, ಅದರೊಂದಿಗೇ ತಂಬೂ ಮುಗಿಯುತ್ತದೆ. ಅಷ್ಟು ದಿನ ಮಡುವಿನಲ್ಲಿ ಕೊಬ್ಬಿದ ಚಿಪ್ಪಿನಿಂದ ಊರಿಗೆಲ್ಲ ಊಟ.

ಅಣ್ಣನ ನೀರಿಗೆ ಕಾಲಿಡುವುದುಂಟೇ? ಕೆಲೇರಾ ಮಡುವಿನ ಸೀಸೆಯನ್ನು ಮೇಲಿನ ತಿರುವಿನಲ್ಲೇ ತುಂಬಿ ಕಳಿಸಿದಳು. ಒಂದೇ ಹೊಳೆ ತಾನೇ! ಚೀಟಿ ಚೆನ್ನಾಗಿಯೇ ಬಂತು. ಆದರೆ ಹೊಸ ಹಂದಿ ಫಾರ್ಮಿನ ಕಾಲುವೆ ಹೊಳೆಗೆ ಸೇರುತ್ತಿದ್ದದ್ದು ತಿರುವಿನ ಕೆಳಗೆ. ಊಟ ಹತ್ತಿರ ಬಂದಾಗ ದಡದಲ್ಲಿ ನಿಂತವಳ ಮೂಗಿಗೆ ನಾತ ಬಡಿಯಿತು. ಹಾಡುಹಗಲಲ್ಲಿ, ಊರೆಲ್ಲ ನೋಡುತ್ತಿರುವಂತೆಯೇ, ಅಳುತ್ತಾ ಮಡುವಿಗಿಳಿದು ಸೀಸೆ ತುಂಬಿದಳು.

ಊರು ಅವಳೊಂದಿಗೆ ಮಾತು ಬಿಟ್ಟಿತು. ಊಟದ ಹಿಂದಿನ ದಿನ ಚೀಟಿ ಬಂದಾಗ ಅವಳು, ತಪ್ಪೊಪ್ಪಿಗೆಗೂ ಅಪ್ಪಣೆಗೂ ಒಡೆಯನ ಮುಂದಿಡುವ ಯಂಗೋನ ಬೇರಿನ ಕಟ್ಟು ಹಿಡಿದು ಕಿರಿಯಣ್ಣ ಇಸಿಕೇಲಿಯ ಮನೆಗೆ ಹೋದಳು. ಈಗ ಒಡೆಯ ಅವನೇ. ಬೇರನ್ನು ಅವನ ಮುಂದಿಟ್ಟು, ತಲೆ ಬಗ್ಗಿಸಿ ತಪ್ಪಾಯ್ತೆಂದಳು. ಆಮೇಲೆ ಚೀಟಿ ಇಟ್ಟಳು. "ಬರೀ ಹೇಲಿನ ಕ್ರಿಮಿ, ಅಣ್ಣಾ. ಮಕ್ಕಳು ತಿಂದ್ರೆ ಉಳಿಯಲ್ಲ."

"ಬೇಯಿಸಿ ತಾನೇ ತಿನ್ನೋದು?" ಇಸಿಕೇಲಿ ಸಿಡುಕಿದ.

"ಚಿಪ್ಪು ಬಾಯಿ ಬಿಡೋದೇ ತಡ, ಇಳಿಸಿಬಿಡ್ತೀರ, ರಬ್ಬರ್ ಆಗತ್ತೆ ಅಂತ. ಅದೂ ಒಂದು ಬೇಯ್ಸೋದಾ?"

"ಸರಿ ಮಾರಾಯ್ತಿ. ನಾಳೆ ಒಂದಿನ ಬೇಡ. ಆಮೇಲೆ ಬೋರ್ಡು ಹಾಕಿಸ್ತೀನಿ."

"ಬೋರ್ಡಾ! ಸೇತುವೆ ಹತ್ರ ಹಾಕಿದ ಬೋರ್ಡಿನ ಮೇಲೆ ನಿನ್ನ ಹೆಂಡ್ತೀನೇ ಬಟ್ಟೆ ಒಣಗಿಸ್ತಾಳೆ."

ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಉಲಾಮಿಲಾ ಬಾಯಿ ತೆರೆದಳು. "ನಾನು ಕರಿ ತೊಟ್ಕೊಂಡಿರೋ ತನಕ ತಂಬು ಇರತ್ತಲ್ವಾ? ಹಾಗಾದ್ರೆ ನಾಳೆ ನಾನು ತೆಗೆಯಲ್ಲ." ನಾದಿನಿಯ ಕಡೆ ತಿರುಗಿದಳು. "ನೀರು ಚೊಕ್ಕ ಅಂತ ನಿನ್ನ ಚೀಟಿ ಹೇಳಿದ ದಿನ ನೀನೇ ಬಂದು ತೆಗೆಸು ಕಣೇ."

ಕಾಲುವೆ ಬೇರೆ ಕಡೆ ತಿರುಗಿಸೋಕೆ ಹಂದಿ ಫಾರ್ಮಿನವರು ಇವತ್ತು ನಾಳೆ ಅಂದರು. ಸರ್ಕಾರಿ ಸಾಹೇಬರು ಬಂದರು, ಎಳನೀರು ಕುಡಿದರು, ಹೋದರು. ಅವರ ಬಾಯಿಗೆ ಆ ಮಡುವಿನ ನೀರನ್ನೇ ಹೊಯ್ಯಬೇಕಿತ್ತು! ವರ್ಷಗಳು ಹೋದವು. ಉಲಾಮಿಲಾ ಮಗಳ ಮದುವೆಯಲ್ಲೂ ಕರಿ ಬಟ್ಟೆಯಲ್ಲೇ ಹಿಂದೆ ಕೂತಳು. ಊರಿನ ಒಂದು ಮಗುವೂ ಮಡುವಿನ ಚಿಪ್ಪು ಮುಟ್ಟಲಿಲ್ಲ. ಪ್ರತಿ ತಿಂಗಳೂ ಕೆಲೇರಾ, ತಂಬು ಮುರಿಯುವ ಮುನ್ನ ಬೇರು ಇಟ್ಟು ಅಪ್ಪಣೆ ಕೇಳಿ, ಮಡುವಿಗೇ ಇಳಿದು ಸೀಸೆ ತುಂಬುತ್ತಿದ್ದಳು. ತಿರುವಿನ ಕಡೆ ಮತ್ತೆ ಹೋಗಲಿಲ್ಲ.

ಹೋದ ಮಳೆಗಾಲದಲ್ಲಿ ಉಲಾಮಿಲಾ ಹಾಸಿಗೆ ಹಿಡಿದಳು. ಕೆಲೇರಾ ಹೊಸ ಹೂವಿನ ಉಡುಪೊಂದನ್ನು ಹೊಲಿದು ಇಟ್ಟಿದ್ದಳು. ಒಂದು ಸುಳ್ಳು ಹೇಳಿದ್ದರೆ ಅತ್ತಿಗೆ ಅದನ್ನು ತೊಟ್ಟು ಕಣ್ಣು ಮುಚ್ಚುತ್ತಿದ್ದಳು.

"ಏನಂತೆ ಚೀಟಿ?"

ಕೆಲೇರಾ ಚೀಟಿ ಮಡಚಿಟ್ಟಳು. "ಇನ್ನೂ ಇಲ್ಲ, ಅತ್ತಿಗೆ."

"ಹ್ಞೂಂ. ಹಾಗಾದ್ರೆ ನನ್ನ ಇದರಲ್ಲೇ ಕಳಿಸಿ."

ಅದರಲ್ಲೇ ಮಣ್ಣು ಮಾಡಿದೆವು. ಕರಿ ಬಟ್ಟೆಯನ್ನು ಯಾರೂ ತೆಗೆಸಲಿಲ್ಲವಾದ್ದರಿಂದ ಮಡುವಿನ ತಂಬು ಇವತ್ತಿಗೂ ಹಾಗೇ ಇದೆ.