ಮನೆಗಾಡಿಯ ಮುರಿಗೆಪ್ಪನವರು

ಹಳಿಯಾಳದ ಗುತ್ತಿಗೆದಾರ ಮುರಿಗೆಪ್ಪನವರು ಕಾಡು ನೋಡಲು ಹೊರಟರೆ ಮನೆಯನ್ನೇ ಜೊತೆಗೆ ಒಯ್ಯುತ್ತಾರೆ. ಅವರ ಕ್ಯಾರವಾನ್‌ನಲ್ಲಿ ಮಂಚ, ಅಡುಗೆಮನೆ, ಎ.ಸಿ., ಟಿ.ವಿ. ಎಲ್ಲವೂ ಇವೆ, ಕಿಟಕಿಗಳಿಗೆ ದಪ್ಪ ಪರದೆಗಳೂ ಇವೆ. ದಾಂಡೇಲಿ ಹತ್ತಿರದ ಮೌಳಂಗಿಯಲ್ಲಿ, ಕಾಳಿ ನದಿಯ ದಂಡೆಗೆ ಗಾಡಿ ನಿಲ್ಲಿಸಿ, ಧೂಳು ಬರುತ್ತದೆಂದು ಬಾಗಿಲು ಹಾಕಿಕೊಂಡು, ಟಿ.ವಿ.ಯಲ್ಲಿ ಆಫ್ರಿಕಾದ ಸಿಂಹ ನೋಡುತ್ತಾರೆ. ಗೆಳೆಯರಿಗೆಲ್ಲ ಫೋನ್ ಮಾಡಿ, ‘ನಿಸರ್ಗದ ಮಡಿಲಾಗ ಅದೇನಿ ನೋಡ್ರಿ’ ಎನ್ನುತ್ತಾರೆ. ಬಿಸಿಲು ಬಡಿಯುತ್ತದೆಂದು ಸಫಾರಿ ಜೀಪು ಹತ್ತುವುದಿಲ್ಲ. ಹುಲಿ ಕಾಣಲಿಲ್ಲವೆಂದು ಮಾತ್ರ ಗೇಟಿನ ಕಾವಲುಗಾರನನ್ನು ಬೈಯುತ್ತಾರೆ. ಹೆಂಡತಿ ಶಿವಗಂಗಾ ಊರಲ್ಲಿ ಮಾಡುವ ಅದೇ ರೊಟ್ಟಿ, ಪಲ್ಯ, ದಿನಕ್ಕೆ ನಾಲ್ಕು ಸಲದ ಚಹಾವನ್ನು ಇಲ್ಲಿ ಬಗ್ಗಿಕೊಂಡು ಮಾಡುತ್ತಾರೆ, ಏಕೆಂದರೆ ಗಾಡಿಯ ಛಾವಣಿ ತಗ್ಗು. ಕಳೆದ ವಾರ ಮಾತ್ರ ಮೂರನೆಯ ಚಹಾದ ಹೊತ್ತಿಗೆ ಒಲೆಯ ಬಳಿ ಯಾರೂ ಇರಲಿಲ್ಲ. ಬಾಗಿಲು ತೆರೆದು ನೋಡಿದರೆ ಆಕೆ ದಂಡೆಯ ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದರು. ‘ಏ ಗಂಗಾ, ಚಹಾ ಎಲ್ಲೈತಿ?’ ಎಂದು ಕೂಗಿದರು. ‘ನೀವ ಮಾಡ್ಕೋರಿ. ನಾನೂ ಕಾಡು ನೋಡಾಕ ಬಂದೇನ್ರಿ’ ಎಂದರು ಆಕೆ, ಹಿಂದೆ ತಿರುಗದೆ. ಮುರಿಗೆಪ್ಪನವರು ಒಳಗೆ ಹೋದರು. ಚಹಾಪುಡಿಯ ಡಬ್ಬಿ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಒಂದೊಂದೇ ಮುಚ್ಚಳ ತೆಗೆದು ಮೂಸುತ್ತ ನಿಂತರು; ಇನ್ನೊಮ್ಮೆ ಕೂಗಿ ಕೇಳಲು ಧೈರ್ಯವಾಗಲಿಲ್ಲ.