ದೊಡ್ಡ ಪುಸ್ತಕಗಳಲ್ಲಿ ಸುಲಭದ್ದು

ನಮ್ಮ ಲೈಬ್ರರಿಯ ಹಿಂದಿನ ಟೈಲರ್ ಅಂಗಡಿಯಲ್ಲಿ ಕೂತು ಕಾಜಾ ಹೊಲಿಯುವ ಹೆಂಗಸನ್ನು ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಗುಂಡಿ ತೂರಿಸುವ ತೂತನ್ನು ಕತ್ತರಿಸಿ, ಅದರ ಸುತ್ತ ದಾರ ಹೊಲಿಯುವುದು ಆಕೆಯ ಕೆಲಸ. ಅಂಗಿಯೊಂದಕ್ಕೆ ಏಳು ಕಾಜಾ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಆಕೆ ಲೈಬ್ರರಿಯ ಮೆಟ್ಟಿಲು ಹತ್ತಿದವಳಲ್ಲ. ಮೊದಲ ಸಲ ಹತ್ತಿ ಬಂದ ದಿನ ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಅಣ್ಣಾ, ದೊಡ್ಡ ಪುಸ್ತಕ ಇರ್ತಾವಲ್ಲ, ಕಾಲೇಜಲ್ಲಿ ಓದೋ ಅಂಥವು, ಅದ್ರಲ್ಲಿ ಸುಲಭದ್ದು ಒಂದು ಕೊಡಿ."

"ಯಾರಿಗೆ?"

"ನನಗೇ."

ನಗು ಬಂತು, ನುಂಗಿಕೊಂಡೆ. ಮುಂದೆ ಆಕೆ ಹೇಳಿದ್ದು ಕೇಳಿ ನಾಚಿಕೆಯಾಯಿತು. ಸಾಹಿತ್ಯ ಓದಲು ಹಾಸ್ಟೆಲ್ಲಿಗೆ ಹೋಗಿದ್ದ ಒಬ್ಬಳೇ ಮಗಳು ನಾಲ್ಕು ತಿಂಗಳ ಹಿಂದೆ ಪೆಟ್ಟಿಗೆ ಸಮೇತ ವಾಪಸ್ ಬಂದಿದ್ದಳು. ಗೋಡೆ ಕಡೆ ಮುಖ ಮಾಡಿ ಮಲಗಿದವಳು ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮಾತಾಡಿಸುತ್ತಾ ಇರಿ, ಇನ್ನೊಂದು ತಿಂಗಳಲ್ಲಿ ಗುಣ ಕಾಣದಿದ್ದರೆ ಆಸ್ಪತ್ರೆಗೆ ಸೇರಿಸೋಣ ಎಂದಿದ್ದರು.

"ನಾನು ಏನಂತ ಮಾತಾಡಿಸ್ಲಿ? ಐದನೇ ಕ್ಲಾಸು ನಾನು. ದಾರ, ಗುಂಡಿ, ಮಾಲೀಕನ ಸಿಡುಕು, ಎಲ್ಲ ಹೇಳಿ ಆಯ್ತು. ಅವಳ ಜೀವ ಇದ್ದಿದ್ದೇ ಪುಸ್ತಕದಲ್ಲಿ. ಅದನ್ನೇ ಓದಿ ಮಾತಾಡಿಸ್ತೀನಿ. ಅವಳನ್ನ ಆಸ್ಪತ್ರೇಲಿ ಬಿಟ್ಟು ಬರೋಕೆ ನನ್ನ ಕೈಲಾಗಲ್ಲ."

ಒಂದು ಸತ್ಯ ಹೇಳಿಬಿಡಬೇಕು. ಇಪ್ಪತ್ತಾರು ವರ್ಷ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದರೂ ನಾನು ಓದುವವನಲ್ಲ. ಬೆನ್ನ ಮೇಲಿನ ನಂಬರ್ ನೋಡಿ ಕಪಾಟಿಗೆ ಸೇರಿಸುವವನು. ಯಾವುದು ಸುಲಭ ಎಂದರೆ ನನಗೇನು ಗೊತ್ತು? ತೆಳ್ಳಗಿದ್ದರೆ ಸುಲಭವಿರಬೇಕೆಂದು ತೊಂಬತ್ತು ಪುಟದ್ದೊಂದನ್ನು ಕೊಟ್ಟು ಕಳಿಸಿದೆ. ಮೂರನೇ ದಿನ ಆಕೆ ಅದನ್ನು ತಂದು ಮೇಜಿನ ಮೇಲಿಟ್ಟಳು. ಕಣ್ಣು ಕೆಂಪಾಗಿತ್ತು.

"ಕಬ್ಬಿಣದ ಕಡಲೆ ಅಣ್ಣ ಇದು. ಒಂದು ವಾಕ್ಯ ಶುರುವಾದ್ರೆ ಪುಟ ತಿರುಗಿಸಿದ್ರೂ ಮುಗಿಯಲ್ಲ. ನಾನು ತಡವರಿಸೋದು ಕೇಳಲಾಗದೆ ಅವಳು ಕಿವಿ ಮೇಲೆ ದಿಂಬು ಇಟ್ಕೊಂಡ್ಲು. ಮೂರು ದಿನ ಹಾಳಾಯ್ತಲ್ಲ."

ಹಾಳು ಮಾಡಿದವನು ನಾನೇ. ಪುಸ್ತಕವನ್ನು ಕಪಾಟಿಗೆ ಇಡಲು ಹೋದಾಗ ಅದರ ಅಂಚು ಕಣ್ಣಿಗೆ ಬಿತ್ತು. ಮುಚ್ಚಿದ ಪುಸ್ತಕದ ಹಾಳೆಗಳ ಅಂಚಿನಲ್ಲಿ ಓದಿದವರ ಬೆರಳಿನ ಕೊಳೆ ಕೂತಿರುತ್ತದೆ. ಇದರಲ್ಲಿ ಮೊದಲ ಇಪ್ಪತ್ತು ಪುಟ ಕಪ್ಪು, ಮುಂದೆಲ್ಲ ಬಿಳುಪು. ಅಂದರೆ ಎಲ್ಲರೂ ಅಲ್ಲಿಗೇ ಕೈ ಚೆಲ್ಲಿದ್ದರು. ಇಷ್ಟು ವರ್ಷ ಆ ಕೊಳೆ ಕಂಡು ಜನರನ್ನು ಬೈದಿದ್ದೆನೇ ಹೊರತು, ಅದರಿಂದಲೂ ಏನೋ ತಿಳಿಯುತ್ತದೆಂದು ಈ ಪೆದ್ದನಿಗೆ ಹೊಳೆದಿರಲಿಲ್ಲ.

ಏಣಿ ಹಾಕಿಕೊಂಡು ಸಾಲಿಗೆ ಸಾಲು ಅಂಚು ನೋಡುತ್ತಾ ಹೋದೆ. ದೊಡ್ಡ ಹೆಸರಿನ ಎಷ್ಟೋ ಪುಸ್ತಕಗಳ ಬಣ್ಣ ಅಂದು ಬಯಲಾಯಿತು. ಕೊನೆಗೊಂದು ಹಳೆಯ ಕಾದಂಬರಿ ಸಿಕ್ಕಿತು. ಇನ್ನೂರ ನಲವತ್ತು ಪುಟ, ಮೊದಲಿನಿಂದ ತುದಿಯವರೆಗೂ ಒಂದೇ ಸಮ ಕಪ್ಪು.

"ಇದು ತಗೊಳ್ಳಿ ಅಕ್ಕ. ಶುರು ಮಾಡಿದವರು ಯಾರೂ ಅರ್ಧಕ್ಕೆ ಬಿಟ್ಟಿಲ್ಲ," ಎಂದೆ. ದಪ್ಪ ನೋಡಿ ಹೆದರಿದಳು. ಆದರೂ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋದಳು.

ಆಮೇಲೆ ದಿನಾ ಊಟದ ಬಿಡುವಿನಲ್ಲಿ ಬಂದು ವರದಿ ಒಪ್ಪಿಸುತ್ತಿದ್ದಳು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಸಂಜೆ ಹೋದ ಮೇಲೆ, ಮಗಳ ಬೆನ್ನಿಗೆ ಗಟ್ಟಿಯಾಗಿ ಓದುವುದು. ಒಂದು ಪುಟಕ್ಕೆ ಎರಡು ಕಾಜಾ ಹೊಲಿಯುವಷ್ಟು ಹೊತ್ತು ಹಿಡಿಯುತ್ತದಂತೆ. ದಿಂಬು ಕಿವಿಯಿಂದ ಇಳಿದಿದೆಯಂತೆ. ಕಥೆಯ ಹೆಂಗಸಿನ ಕಷ್ಟ ಹೇಳುತ್ತಾ ನನ್ನ ಮುಂದೆಯೇ ಮೂಗೊರೆಸಿಕೊಳ್ಳುವಳು. ಮಗಳು ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಡಾಕ್ಟರು ಕೊಟ್ಟ ಗಡುವಿಗೆ ಹತ್ತು ದಿನ ಉಳಿಯಿತು, ಆಮೇಲೆ ಆರು.

ಆ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು.

"ಅಣ್ಣ, ಕೊನೆ ಹಾಳೆನೇ ಇಲ್ಲ."

ನಿಜ. ಅಷ್ಟು ಜನ ತಿರುವಿದ ಪುಸ್ತಕ, ಕೊನೆಯ ಹಾಳೆ ಸವೆದು ಎಂದೋ ಕಳಚಿಹೋಗಿತ್ತು. ಕಥೆಯ ಹೆಂಗಸು ಮುಸ್ಸಂಜೆಯಲ್ಲಿ ಬಾಗಿಲು ಎಳೆದುಕೊಂಡು ಮನೆ ಬಿಟ್ಟು ಹೋಗುತ್ತಾಳೆ. ಅಲ್ಲಿಗೆ ಪುಟ ಮುಗಿದಿತ್ತು. ಇನ್ನೊಂದು ಶಾಖೆಗೆ ಫೋನ್ ಮಾಡಿ, ಅವರ ಪ್ರತಿಯ ಕೊನೆ ಹಾಳೆಯ ಜೆರಾಕ್ಸ್ ಕಳಿಸಲು ಕೇಳಿದೆ. ನಾಲ್ಕು ದಿನವಾಗುತ್ತದೆ ಎಂದರು. ಆಕೆ ಗೋಡೆಗೊರಗಿ ಅತ್ತಳು.

ಜೆರಾಕ್ಸ್ ಬಂದ ದಿನವೇ ಆಕೆಯೂ ಓಡೋಡಿ ಬಂದಳು.

"ನಿನ್ನೆ ಸೋತು ಹೋದೆ ಅಣ್ಣ. ಆ ಹೆಂಗಸು ಎಲ್ಲಿಗೆ ಹೋದ್ಲೋ, ವಾಪಸ್ ಬಂದ್ಲೋ ಇಲ್ವೋ, ನನಗೆ ಗೊತ್ತೇ ಆಗಲ್ವಲ್ಲ ಅಂತ ಪುಸ್ತಕ ಹಿಡ್ಕೊಂಡು ಅಳ್ತಾ ಕೂತಿದ್ದೆ. ಗೋಡೆ ಕಡೆಯಿಂದ ದನಿ ಬಂತು. 'ಬರ್ತಾಳಮ್ಮ. ಅಳಬೇಡ. ಬೆಳಗಾಗೋದ್ರೊಳಗೆ ವಾಪಸ್ ಬರ್ತಾಳೆ.' ಅಷ್ಟೇ. ಆಮೇಲೆ ಮತ್ತೆ ಮಾತಿಲ್ಲ."

ಆ ಹಾಳೆಯನ್ನು ನಾನು ಬೆಳಗ್ಗೆಯೇ ಓದಿದ್ದೆ. ಕಥೆಯ ಹೆಂಗಸು ವಾಪಸ್ ಬರುವುದಿಲ್ಲ. ಮನೆಯವರು ಊರೆಲ್ಲ ಹುಡುಕಿ ಬಂದು, ದೀಪ ಆರಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. ಕಾಲೇಜಿನಲ್ಲಿ ಸಾಹಿತ್ಯವನ್ನೇ ಓದಿದ ಹುಡುಗಿಗೆ ಇಷ್ಟು ಜನ ಓದಿದ ಕಾದಂಬರಿಯ ಕೊನೆ ಗೊತ್ತಿಲ್ಲದೆ ಇರುತ್ತದೆಯೇ? ತಾಯಿ ಅಳುವುದನ್ನು ನೋಡಲಾಗದೆ, ಹೋದವಳನ್ನು ಕರೆತಂದಿದ್ದಳು. ಹಾಳೆಯನ್ನು ಡ್ರಾಯರಿಗೆ ತಳ್ಳಿ, ಜೆರಾಕ್ಸ್ ಇನ್ನೂ ಬಂದಿಲ್ಲ ಎಂದೆ.

"ಬೇಡ ಬಿಡಿ. ಇನ್ನು ಎರಡೇ ದಿನ ಇರೋದು. ಇಂಥದ್ದೇ ಇನ್ನೊಂದು ಕೊಡಿ, ಸಣ್ಣದು. ಕೊನೆ ಹಾಳೆ ಇಲ್ಲದಿರೋದು."

ಏಣಿ ಹತ್ತಿದೆ. ಅಂಚು ಪೂರ್ತಿ ಕಪ್ಪಾದವು ನಾಲ್ಕು ಸಿಕ್ಕವು. ನಾಲ್ಕರಲ್ಲೂ ಕೊನೆ ಹಾಳೆ ಭದ್ರವಾಗಿತ್ತು. ಹಾಳೆ ಹರಿದವರ ಕಾರ್ಡ್ ಕಿತ್ತುಕೊಂಡು, ಎಲ್ಲರೆದುರು ಅವರ ಮರ್ಯಾದೆ ತೆಗೆದವನು ನಾನು. ಕಪಾಟಿನ ಮರೆಗೆ ಹೋಗಿ, ನಾಲ್ಕರಲ್ಲಿ ಸಣ್ಣದನ್ನು ತೆರೆದು, ಜೇಬಿನ ಸ್ಕೇಲನ್ನು ಒತ್ತಿ ಹಿಡಿದು ಕೊನೆಯ ಹಾಳೆಯನ್ನು ಹರಿದೆ. ಆಕೆಗೆ ಸದ್ದು ಕೇಳದಿರಲೆಂದು ಜೋರಾಗಿ ಕೆಮ್ಮಿದೆ.